ರತಿಯಿಲ್ಲದ ಶೃಂಗಾರ

2020ನೆಯ ಇಸವಿಯ ಫೆಬ್ರವರಿಯಲ್ಲಿ ಅಮೆರಿಕೆಯಲ್ಲಿ ತೆರೆಕಂಡ ‘ದಿ ಫೋಟೋಗ್ರಾಫ್’ ಎಂಬ ಚಲಚ್ಚಿತ್ರವನ್ನು ನಾವು ಈಚೆಗೆ ನೋಡಿದೆವು. ಸ್ಟೆಲ್ಲಾ ಮೇಗೀ ಎಂಬಾಕೆ ಇದರ ನಿರ್ದೇಶಕಿ. ಕೃಷ್ಣವರ್ಣೀಯರೆಂದರೆ ದಾಸ್ಯದ ಸಂಕಟವನ್ನೋ ಬೀದಿಯ ರಕ್ತಪಾತವನ್ನೋ ತೋರಿಸುವುದೇ ಆ ದೇಶದ ಚಿತ್ರಗಳಲ್ಲಿ ಬಹುಮಟ್ಟಿಗೆ ರೂಢಿಯಾಗಿರಲು, ಇಲ್ಲಿ ವಿದ್ಯಾವಂತರಿಬ್ಬರು ಸಾವಧಾನವಾಗಿ ಒಲಿಯುವರೆಂದು ಕೇಳಿ ಆಸೆಯಿಂದಲೇ ಕುಳಿತೆವು.

ಕಥಾಬೀಜವೇನೋ ಉತ್ತಮವಾದುದೇ. ಛಾಯಾಗ್ರಾಹಕಿಯಾದ ತಾಯಿ ತೀರಿದ ಮೇಲೆ, ಆಕೆ ಬಿಟ್ಟುಹೋದ ಪತ್ರದಿಂದ ಮಗಳಿಗೆ ಒಂದು ಹಳೆಯ ಪ್ರಣಯವು ತಿಳಿಯುತ್ತದೆ. ಲೂಯಿಸಿಯಾನದಲ್ಲಿ ತಾಯಿ ತೊರೆದುಬಂದ ಆ ಪ್ರಿಯನನ್ನು ಸಂದರ್ಶಿಸಿದ ಪತ್ರಿಕಾಲೇಖಕನೇ ಮಗಳಿಗೆ ನಾಯಕನು. ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ಸೀತಾರಾಮರು ಚಿತ್ರಗಳನ್ನು ನೋಡುತ್ತ ಕಳೆದ ದುಃಖಕ್ಕೆ ಮತ್ತೆ ಕಣ್ಣೀರಿಡುವುದನ್ನು ಓದಿದ ವಾಚಕರು ಇಂಥ ಪಟದಿಂದ ಏನನ್ನು ತಾನೆ ಅಪೇಕ್ಷಿಸರು! ತಾಯಿಯ ಕಥೆಯಲ್ಲಿ ಅದು ತುಸು ದೊರೆಯುತ್ತದೆ, ಮಗಳದರಲ್ಲಿ ಇಲ್ಲ. ಮಳೆ, ಮಂದದೀಪ, ರಾಬರ್ಟ್ ಗ್ಲ್ಯಾಸ್ಪರನ ಸಂಗೀತ, ಹೀಗೆ ಉದ್ದೀಪನಗಳಿಗೆ ಕೊರತೆಯಿಲ್ಲ, ರತಿಯೇ ಅಂಕುರಿಸದು. ನಾಯಕನಿಗೆ ಲಂಡನ್ನಿನಲ್ಲಿ ಉದ್ಯೋಗ ದೊರೆತುದೇ ವಿರಹಕ್ಕೆ ಕಾರಣವಂತೆ! ವಿಮಾನದ ಟಿಕೇಟಿನಿಂದ ನೀಗುವ ವಿಪ್ರಲಂಭಕ್ಕೆ ನಾವು ಕರಗುವುದೆಂತು?

ಗೌರವಕ್ಕೆ ಕುಂದು ಬಾರದಂತೆ ತೋರಿಸಬೇಕೆಂಬ ಎಚ್ಚರಿಕೆಯೇ ಈ ಪ್ರೇಮಿಗಳನ್ನು ಬಿಗಿದಿಟ್ಟಿದೆಯೆಂದು ನಮಗೆ ತೋರುತ್ತದೆ. 1898ರಲ್ಲಿ ಷಿಕಾಗೋವಿನಲ್ಲಿ ವಿಲಿಯಂ ಸೆಲಿಗನು ತೆಗೆದ ‘ಸಂಥಿಂಗ್ ಗುಡ್’ ಎಂಬ ಮೂಕಚಿತ್ರದ ತುಣುಕೊಂದುಂಟು. ಸೇಂಟ್ ಸಟಲ್, ಗರ್ಟೀ ಬ್ರೌನ್ ಎಂಬ ಕೃಷ್ಣವರ್ಣೀಯ ನಟರು ಅದರಲ್ಲಿ ಮುತ್ತಿಟ್ಟು, ನಕ್ಕು, ತುಸು ದೂರ ಸರಿದು, ಕೈ ಬಿಡಲೊಲ್ಲದೆ ಮತ್ತೆ ಹತ್ತಿರ ಬರುತ್ತಾರೆ. ಎಲ್ಲವೂ ಅರ್ಧ ನಿಮಿಷದೊಳಗಿನ ಮಾತು. ನೂರು ನಿಮಿಷಗಳಿಗೂ ಮೀರಿದ ಈ ಚಿತ್ರದಲ್ಲಿ ನಾವು ಹುಡುಕಿದುದು ಆ ನಗೆಯನ್ನೇ.