ಸೋಪಿಗೆ ತೆರಿಗೆ, ಪೀಠಕ್ಕೆ ಮಾಫಿ

ಸಂಡೂರಿನ ಗಣಿಯಲ್ಲಿ ಕೆಂಧೂಳು ಕುಡಿದು ದುಡಿಯೋನು ಮೈ ತೊಳೆಯೋ ಸೋಪಿಗೂ ಕಾಲಿನ ಚಪ್ಪಲಿಗೂ 2017ರಿಂದ ಜಿಎಸ್‌ಟಿ ಕಟ್ತಾನೆ. ಪೂಜೆ ಮಾಡಿಸೋದಕ್ಕೆ ಅದಿಲ್ಲ! ಮಠವಾಗಲಿ ಚರ್ಚಾಗಲಿ, ಟ್ರಸ್ಟ್ ನೋಂದಾಯಿಸಿ ಹಣವನ್ನು ಧರ್ಮಕ್ಕೇ ಖರ್ಚು ಮಾಡಿದರೆ ಆದಾಯ ತೆರಿಗೆಯೂ ಮಾಫಿ. ದೊಡ್ಡ ಆದಾಯದ ಮುಜರಾಯಿ ಗುಡಿಗಳಾದರೂ 1997ರ ಕಾಯ್ದೆಯಂತೆ ಸಾಮಾನ್ಯ ನಿಧಿಗೆ ಪಾಲು ಕೊಡಬೇಕು. ಮಠಗಳನ್ನು ಆ ಕಾಯ್ದೆಯೇ ಹೊರಗಿಟ್ಟಿದೆ. ಸಾಲದ್ದಕ್ಕೆ 2008ರ ನಂತರದ ಬಜೆಟ್ಟುಗಳಲ್ಲಿ ಮಠಗಳಿಗೆ ಕೋಟಿಗಟ್ಟಲೆ ಅನುದಾನ! ಯಾರಪ್ಪನ ದುಡ್ಡದು? ಆ ಸೋಪಿನ ದುಡ್ಡು.

‘ಸೇವೆ ಮಾಡ್ತಾರಲ್ಲ’ ಅಂತೀರಿ. ದಾಸೋಹಕ್ಕೆ ನಮ್ಮ ತಕರಾರಿಲ್ಲ. ಲಕ್ಷಗಟ್ಟಲೆ ಫೀಸಿನ ಕಾಲೇಜಿಗೂ ಅದೇ ಮಾಫಿ ಯಾಕೆ? 1930ರ ದಶಕದಲ್ಲೇ ಸಂಡೂರು ಸಂಸ್ಥಾನ ಗುಡಿ ಬಾಗಿಲನ್ನು ನಮಗೆ ತೆರೀತು, ಗಾಂಧಿಯೂ ಮೆಚ್ಚಿದರು. ಈಗ ಮಠದ ಲೆಕ್ಕದ ಪುಸ್ತಕ ತೆರೀಲಿ. ಅನ್ನಕ್ಕೆ, ಉಚಿತ ಓದಿಗೆ ವಿನಾಯ್ತಿ ಇರಲಿ. ಬಾಡಿಗೆ, ಫೀಸು, ಪಾದಕಾಣಿಕೆಗೆ ತೆರಿಗೆ ಬೀಳಲಿ.