ಜೀಪಿನ ಬ್ರೇಕು ಕೊಳವೆಗಳ ಹಾದಿ

ಮಲೆನಾಡಿನ ಕೊರಕಲು ಹಾದಿಗಳಿಗೆಂದು ಜೀಪನ್ನು ಎತ್ತರಿಸುವವರು ಬ್ರೇಕಿನ ಕೊಳವೆಗಳನ್ನು ಕಟ್ಟಕಡೆಗೆ ನೆನೆಯುತ್ತಾರೆ. ಇದು ತಲೆಕೆಳಗಾದ ಕ್ರಮವೆಂದೇ ನಮ್ಮ ಮತ. ಚೌಕಟ್ಟಿಗೂ ಆಕ್ಸಲಿಗೂ ನಡುವಣ ರಬ್ಬರು ಕೊಳವೆಯನ್ನು, ವಾಹನವು ನೆಲದ ಮೇಲೆ ನಿಂತಿರುವಾಗ ಅಳೆದರೆ ಸಾಲದು. ಚೌಕಟ್ಟನ್ನು ಎತ್ತಿ, ಆಕ್ಸಲು ಪೂರ್ತಿಯಾಗಿ ಕೆಳಗೆ ಜೋತಿರುವಾಗ, ಮುಂಚಕ್ರಗಳನ್ನು ಎರಡು ಕಡೆಗೂ ತಿರುಗಿಸಿ ಅಳೆಯತಕ್ಕದ್ದು. ಇಲ್ಲವಾದರೆ ಹಳ್ಳಕ್ಕೆ ಚಕ್ರವಿಳಿದೊಡನೆ ಕೊಳವೆ ಹರಿದೀತು. ಉಕ್ಕಿನ ಕೊಳವೆಗಳು ಕಲ್ಲು ತಾಗದಂತೆ ಚೌಕಟ್ಟಿನ ಒಳಮಗ್ಗುಲಲ್ಲಿ, ಹೊಗೆಕೊಳವೆಯಿಂದ ದೂರವಾಗಿ ಸಾಗಲಿ. ತೇವ ಹೀರಿದ ಡಾಟ್ 3 ದ್ರವವು 140 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯಬಲ್ಲುದು. ದ್ರವವು ಒತ್ತಿದರೆ ಕುಗ್ಗದು, ಆವಿಯಾದರೋ ಕುಗ್ಗುತ್ತದೆ. ಆಗ ಪೆಡಲು ತಳ ಮುಟ್ಟಿದರೂ ಚಕ್ರ ನಿಲ್ಲದು. ಬಗ್ಗಿಸಲು ಸುಲಭವೆಂದು ಬರಿಯ ತಾಮ್ರವನ್ನು ಬಳಸುವುದಂತೂ ಕೂಡದು. ಅದುರಿ ಅದುರಿ ಅದು ಪೆಡಸಾಗಿ ಬಿರುಕುಬಿಡುತ್ತದೆ.