ರಾಜ್ಯ ರಾಂಚಿಯವರೆಗೆ ಬಂತು, ಊರಿಗೆ ಬರಲಿಲ್ಲ

ಉತ್ತರ ಕರ್ನಾಟಕಕ್ಕೆ ಪ್ರತ್ಯೇಕ ರಾಜ್ಯ ಬೇಕು ಎಂಬ ಮಾತು ಆಗಾಗ ಏಳುತ್ತಲೇ ಇರುತ್ತದೆ. ಬೇಕು ಅನ್ನುವವರಿಗೂ ಬೇಡ ಅನ್ನುವವರಿಗೂ ಅವರವರ ಲೆಕ್ಕವಿದೆ. ಆದರೆ ಆ ವಾದಕ್ಕೆ ಇಳಿಯುವ ಮೊದಲು ಜಾರ್ಖಂಡ್ ಕಡೆ ಒಮ್ಮೆ ನೋಡಿ ಬರಬೇಕು ಎಂಬುದು ನಮ್ಮ ಅಭಿಪ್ರಾಯ. ಅಲ್ಲಿನ ಜನ ಐವತ್ತು ವರ್ಷ ಹೋರಾಡಿ ರಾಜ್ಯ ಪಡೆದರು. ಪಡೆದ ಮೇಲೆ ಹತ್ತು ವರ್ಷ ಅಲ್ಲಿ ಒಂದೇ ಒಂದು ಪಂಚಾಯಿತಿ ಚುನಾವಣೆ ನಡೆಯಲಿಲ್ಲ. ಹೀಗೇಕಾಯಿತು ಎಂದು ತಿಳಿಯಲು ಅಲ್ಲಿನ ಹೋರಾಟಗಾರರ ಕೂಟ ಹೇಗೆ ಕಟ್ಟಿತು, ಹೇಗೆ ಒಡೆಯಿತು ಎಂದು ತಿಳಿಯಬೇಕು.

ಶುರು ಮಾಡಿದವರು ಜೈಪಾಲ್ ಸಿಂಗ್ ಮುಂಡಾ. ಆಕ್ಸ್‌ಫರ್ಡಿನಲ್ಲಿ ಓದಿದವರು, 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ಗೆ ಹೋದ ಭಾರತ ಹಾಕಿ ತಂಡದ ನಾಯಕ. ಸಂವಿಧಾನ ಸಭೆಯಲ್ಲಿ ಆದಿವಾಸಿಗಳ ಪರ ಗಟ್ಟಿಯಾಗಿ ಮಾತಾಡಿದವರು. ಅವರ ಜಾರ್ಖಂಡ್ ಪಾರ್ಟಿ ಆದಿವಾಸಿಗಳಲ್ಲದ ಸ್ಥಳೀಯರಿಗೂ ಬಾಗಿಲು ತೆರೆಯಿತು. 1952ರ ಚುನಾವಣೆಯಲ್ಲಿ ಮೂವತ್ತಕ್ಕೂ ಹೆಚ್ಚು ಸ್ಥಾನ ಗೆದ್ದು ಬಿಹಾರ ವಿಧಾನಸಭೆಯಲ್ಲಿ ಮುಖ್ಯ ವಿರೋಧ ಪಕ್ಷವೇ ಆಯಿತು.

ಇಲ್ಲಿ ನಮಗೂ ಅವರಿಗೂ ಒಂದು ನಂಟಿದೆ. ಹಂಚಿಹೋಗಿದ್ದ ಕನ್ನಡದ ಊರುಗಳನ್ನು ಒಂದು ಮಾಡಿ ಎಂದು 1955ರಲ್ಲಿ ಶಿಫಾರಸು ಮಾಡಿದ ರಾಜ್ಯ ಪುನರ್ವಿಂಗಡಣಾ ಆಯೋಗವೇ ಜಾರ್ಖಂಡಿನ ಬೇಡಿಕೆಯನ್ನು ತಳ್ಳಿಹಾಕಿತು. ನಮ್ಮನ್ನು ಕೂಡಿಸಲು ಒಂದು ಭಾಷೆಯಿತ್ತು. ಅಲ್ಲಿ ಸಂತಾಲಿ, ಮುಂಡಾರಿ, ಹೋ, ಕುಡುಖ್, ನಾಗಪುರಿ, ಖೋರ್ಠಾ ಹೀಗೆ ಹಲವು. ಎಲ್ಲರಿಗೂ ಸಮಾನವಾದ ಭಾಷೆಯಿಲ್ಲ, ಆದಿವಾಸಿಗಳು ಬಹುಸಂಖ್ಯಾತರೂ ಅಲ್ಲ ಎಂಬುದು ಆಯೋಗದ ಮಾತು. 1956ರಲ್ಲಿ ನಮಗೆ ರಾಜ್ಯ ಸಿಕ್ಕಿತು, ಅವರಿಗೆ ಸಿಗಲಿಲ್ಲ. ಕೊನೆಗೆ 1963ರಲ್ಲಿ ಜೈಪಾಲ್ ಸಿಂಗ್ ತಮ್ಮ ಪಕ್ಷವನ್ನೇ ಕಾಂಗ್ರೆಸ್ಸಿನಲ್ಲಿ ಸೇರಿಸಿಬಿಟ್ಟರು. ನಂಬಿದ್ದ ಜನ ನಡುನೀರಿನಲ್ಲಿ ಉಳಿದರು.

ಮತ್ತೆ ಕಟ್ಟಲು ಹತ್ತು ವರ್ಷ ಬೇಕಾಯಿತು. 1970ರ ದಶಕದ ಆರಂಭದಲ್ಲಿ ಧನಬಾದ್‌ನಲ್ಲಿ ಮೂರು ಜನ ಒಂದಾದರು. ಒಬ್ಬರು ಶಿಬು ಸೊರೇನ್, ಸಂತಾಲರು. ಅವರು ಹುಡುಗನಾಗಿದ್ದಾಗ ಬಡ್ಡಿ ಸಾಹುಕಾರರ ಕಡೆಯವರು ಅವರ ತಂದೆಯನ್ನು ಕೊಂದಿದ್ದರು. ಸಾಲದ ನೆಪದಲ್ಲಿ ಕಸಿದುಕೊಂಡ ಗದ್ದೆಗಳಿಗೆ ಊರವರನ್ನೇ ಇಳಿಸಿ ಭತ್ತ ಕೊಯ್ಯಿಸುವ ಚಳವಳಿ ನಡೆಸಿದರು. ಹೆಂಗಸರು ಕೊಯ್ಲು ಮಾಡುತ್ತಿದ್ದರೆ ಗಂಡಸರು ಬಿಲ್ಲು ಬಾಣ ಹಿಡಿದು ಕಾವಲು ನಿಲ್ಲುತ್ತಿದ್ದರು. ಎರಡನೆಯವರು ಬಿನೋದ್ ಬಿಹಾರಿ ಮಹತೋ, ಕುಡ್ಮಿ ಸಮುದಾಯದ ವಕೀಲರು. ಓದಿ, ಹೋರಾಡಿ ಎಂಬುದು ಅವರ ಘೋಷಣೆ. ಮೂರನೆಯವರು ಎ.ಕೆ. ರಾಯ್, ಸಿಂದ್ರಿ ಗೊಬ್ಬರ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದು, ಆಮೇಲೆ ಕಲ್ಲಿದ್ದಲು ಗಣಿ ಕಾರ್ಮಿಕರ ನಾಯಕರಾದವರು, ಮೂರು ಸಲ ಧನಬಾದ್‌ನ ಸಂಸದರಾದವರು.

ಆದಿವಾಸಿ, ರೈತ, ಕಾರ್ಮಿಕ. ಈ ಮೂವರ ಕೂಟಕ್ಕೆ ಅಲ್ಲಿನವರು ಕೆಂಪು-ಹಸಿರು ಮೈತ್ರಿ ಎಂದು ಹೆಸರಿಟ್ಟರು. ಜಾರ್ಖಂಡ್ ಮುಕ್ತಿ ಮೋರ್ಚಾ ಹುಟ್ಟಿದ್ದು ಹೀಗೆ. ನಮ್ಮ ನೆಲದ ಕಲ್ಲಿದ್ದಲು, ಕಬ್ಬಿಣ ಹೊರಗೆ ಹೋಗುತ್ತದೆ, ನಮಗೆ ಉಳಿಯುವುದು ಗುಂಡಿ ಮತ್ತು ದೂಳು ಎಂಬ ಒಂದು ಮಾತು ಮೂವರನ್ನೂ ಕೂಡಿಸಿತ್ತು. ಜಾತಿ, ಭಾಷೆ ಬೇರೆಯಿದ್ದರೂ ಕಷ್ಟ ಒಂದೇ ಆಗಿತ್ತು. ಭಾಷೆಯಿಲ್ಲದೆಯೂ ಒಂದು ನಾಡು ಕಟ್ಟಬಹುದು ಎಂದು ಆಯೋಗಕ್ಕೆ ಕೊಟ್ಟ ಉತ್ತರ ಅದು.

ಆದರೆ ಈ ಮೈತ್ರಿ ಬಹಳ ಕಾಲ ಉಳಿಯಲಿಲ್ಲ. ಶಿಬು ಸೊರೇನ್ ಕಾಂಗ್ರೆಸ್ ಕಡೆ ವಾಲಿದರು. ರಾಯ್ ದೂರವಾದರು. ಮಹತೋ ಅವರದೂ ಬೇರೆ ಬಣವಾಯಿತು. 1986ರಲ್ಲಿ ಯುವಕರು ಆಜ್ಸು ಎಂಬ ವಿದ್ಯಾರ್ಥಿ ಸಂಘಟನೆ ಕಟ್ಟಿದರು. 1987ರಲ್ಲಿ ಹತ್ತಾರು ಸಂಘಟನೆಗಳು ಸೇರಿ ಜಾರ್ಖಂಡ್ ಸಮನ್ವಯ ಸಮಿತಿ ಮಾಡಿಕೊಂಡವು. ಬಂದ್, ರಸ್ತೆ ತಡೆ, ರೈಲು ತಡೆ ಎಲ್ಲ ಆದವು. ಬೀದಿಯಲ್ಲಿ ಜನ ಒಂದಾಗಿದ್ದರು. ನಾಯಕರು ಮಾತ್ರ ದೆಹಲಿಯಲ್ಲಿ ಬೇರೆ ಬೇರೆ ಬಾಗಿಲು ತಟ್ಟುತ್ತಿದ್ದರು.

1993ರ ಜುಲೈನಲ್ಲಿ ಪಿ.ವಿ. ನರಸಿಂಹರಾವ್ ಸರ್ಕಾರದ ಮೇಲೆ ಅವಿಶ್ವಾಸ ನಿರ್ಣಯ ಬಂತು. ಮೋರ್ಚಾದ ಸಂಸದರು ಸರ್ಕಾರ ಉಳಿಸಿದರು. ಅದಕ್ಕಾಗಿ ಹಣ ಪಡೆದರು ಎಂಬ ಆರೋಪ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸದನದಲ್ಲಿ ಹಾಕಿದ ಮತಕ್ಕೆ ಸಂವಿಧಾನದ ರಕ್ಷಣೆಯಿದೆ, ವಿಚಾರಣೆ ನಡೆಸುವಂತಿಲ್ಲ ಎಂದು 1998ರಲ್ಲಿ ತೀರ್ಪಾಯಿತು. ಆ ತೀರ್ಪನ್ನು ಕೋರ್ಟೇ ತಪ್ಪೆಂದು ತೆಗೆದುಹಾಕಿದ್ದು 2024ರಲ್ಲಿ. ಕಾನೂನಿನ ಮಾತು ಹಾಗಿರಲಿ. ಗದ್ದೆಯಲ್ಲಿ ಬಿಲ್ಲು ಹಿಡಿದು ನಿಂತಿದ್ದ ಜನ ಈ ಸುದ್ದಿ ಕೇಳಿ ಏನಂದುಕೊಂಡಿರಬೇಕು, ಯೋಚಿಸಿ.

ಕೊನೆಗೆ 2000ದ ನವೆಂಬರ್ 15ರಂದು, ಬಿರ್ಸಾ ಮುಂಡಾ ಹುಟ್ಟಿದ ದಿನ, ಜಾರ್ಖಂಡ್ ರಾಜ್ಯವಾಯಿತು. ನಾಲ್ಕು ರಾಜ್ಯಗಳ ಜಿಲ್ಲೆಗಳನ್ನು ಕೇಳಿದ್ದರು. ಸಿಕ್ಕಿದ್ದು ಬಿಹಾರದ 18 ಜಿಲ್ಲೆ ಮಾತ್ರ. ಮೊದಲ ಮುಖ್ಯಮಂತ್ರಿ ಹೋರಾಟದ ಮೋರ್ಚಾದವರಲ್ಲ, ಬಿಜೆಪಿಯ ಬಾಬುಲಾಲ್ ಮರಾಂಡಿ. ಮುಂದೆ 2014ರವರೆಗೆ ಯಾವ ಮುಖ್ಯಮಂತ್ರಿಯೂ ಐದು ವರ್ಷ ಪೂರೈಸಲಿಲ್ಲ. ಪಕ್ಷೇತರ ಶಾಸಕರೊಬ್ಬರು ಮುಖ್ಯಮಂತ್ರಿಯಾದರು. ಶಿಬು ಸೊರೇನ್ 2005ರಲ್ಲಿ ಮೊದಲ ಸಲ ಕುರ್ಚಿಯಲ್ಲಿ ಕೂತು ಹತ್ತೇ ದಿನಕ್ಕೆ ಇಳಿದರು.

ಇದೆಲ್ಲ ರಾಂಚಿಯ ಕತೆ. ಹಳ್ಳಿಯ ಕತೆ ಬೇರೆ. ರಾಜ್ಯ ಒಡೆದ ಮರುವರ್ಷ, 2001ರಲ್ಲೇ, ಬಿಹಾರ ಪಂಚಾಯಿತಿ ಚುನಾವಣೆ ನಡೆಸಿತು. ಜಾರ್ಖಂಡ್ ನಡೆಸಿದ್ದು 2010ರ ಕೊನೆಗೆ. ಆದಿವಾಸಿ ಪ್ರದೇಶಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ಯಾರಿಗೆ ಎಂಬ ಜಗಳ ಕೋರ್ಟಿನಲ್ಲಿತ್ತು ಎಂಬುದು ಕೊಟ್ಟ ಕಾರಣ. ಆದಿವಾಸಿ ಪ್ರದೇಶದ ಗ್ರಾಮಸಭೆಗೆ ನೆಲ, ನೀರು, ಕಾಡಿನ ಮೇಲೆ ಮಾತಾಡುವ ಹಕ್ಕು ಕೊಡುವ ಪೇಸಾ ಕಾಯ್ದೆಯನ್ನು ಸಂಸತ್ತು 1996ರಲ್ಲೇ ಮಾಡಿತ್ತು. ಕಾಲು ಶತಮಾನ ಕಳೆದರೂ ಜಾರ್ಖಂಡಿನಲ್ಲಿ ಅದಕ್ಕೆ ನಿಯಮಗಳೇ ಇರಲಿಲ್ಲ. 2017-18ರಲ್ಲಿ ಖುಂಟಿ ಜಿಲ್ಲೆಯ ಜನ ಸಂವಿಧಾನದ ಮಾತುಗಳನ್ನು ಕಲ್ಲಿನ ಮೇಲೆ ಬರೆದು ಊರ ಬಾಗಿಲಲ್ಲಿ ನೆಟ್ಟರು. ಸರ್ಕಾರ ದೇಶದ್ರೋಹದ ಕೇಸು ಹಾಕಿತು. 2019ರ ಡಿಸೆಂಬರಿನಲ್ಲಿ ಹೇಮಂತ್ ಸೊರೇನ್ ಸರ್ಕಾರ ಬಂದ ಮೇಲೆ ಆ ಕೇಸು ವಾಪಸ್ ಪಡೆಯುವ ತೀರ್ಮಾನವಾಯಿತು.

ಹಾಗಾದರೆ ರಾಜ್ಯ ಮಾಡಿದ್ದೇ ದಂಡವೇ? ನಾವು ಹಾಗೆ ಹೇಳುವುದಿಲ್ಲ. 2016ರಲ್ಲಿ ಛೋಟಾನಾಗ್ಪುರ ಮತ್ತು ಸಂತಾಲ್ ಪರಗಣಾದ ಹಳೆಯ ಭೂ ಕಾಯ್ದೆಗಳನ್ನು ಸಡಿಲಿಸಲು ಆಗಿನ ಸರ್ಕಾರ ಹೊರಟಿತು. ಜನ ಬೀದಿಗಿಳಿದರು, ರಾಜ್ಯಪಾಲರು ಮಸೂದೆ ವಾಪಸ್ ಕಳಿಸಿದರು, ಸರ್ಕಾರ ಕೈಬಿಟ್ಟಿತು. ಪಟ್ನಾದಲ್ಲಿ ಈ ಕೂಗು ಇಷ್ಟು ಬೇಗ ಕೇಳಿಸುತ್ತಿತ್ತು ಎಂದು ನಮಗನಿಸುವುದಿಲ್ಲ. ರಾಜಧಾನಿ ಹತ್ತಿರವಾದರೆ ಲಾಭವಿದೆ. ಆದರೆ ಆ ಲಾಭ ತಾನಾಗಿ ಹಳ್ಳಿಗೆ ಇಳಿದು ಬರುವುದಿಲ್ಲ. ಪಟ್ನಾದವರು ರಾಂಚಿಗೆ ಕೊಡದಿದ್ದದ್ದನ್ನು ರಾಂಚಿಯವರು ಹಳ್ಳಿಗೆ ಕೊಡಲಿಲ್ಲ.

ನಮ್ಮಲ್ಲೂ ನೋಡಿ. 2016ರಲ್ಲಿ ಗೆದ್ದ ತಾಲ್ಲೂಕು, ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದೇ ಆಡಳಿತ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಕಾರಣ ಕೊಟ್ಟರು. ಜಾರ್ಖಂಡ್ ಕೊಟ್ಟ ಕಾರಣಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಯಾವ ಪಕ್ಷದ ಸರ್ಕಾರವಿದ್ದರೂ ಶಾಸಕರಿಗೆ ಇದರಿಂದ ತೊಂದರೆಯಾಗಲಿಲ್ಲ. ಕೆಳಗೆ ಕೇಳುವವರಿಲ್ಲದಿದ್ದರೆ ಅವರಿಗೆ ಅನುಕೂಲವೇ.

ಹಾಗಾಗಿ ಪ್ರತ್ಯೇಕ ರಾಜ್ಯ ಎಂದೋ, ವಿಶೇಷ ಸ್ಥಾನಮಾನ ಎಂದೋ, ನಮ್ಮ ಪಾಲಿನ ತೆರಿಗೆ ಎಂದೋ ಯಾರಾದರೂ ನಿಮ್ಮೂರಿಗೆ ಬಂದು ಭಾಷಣ ಮಾಡಿದರೆ ಚಪ್ಪಾಳೆಗೆ ಮೊದಲು ಎರಡು ಪ್ರಶ್ನೆ ಕೇಳಿ. ಮೇಲಿಂದ ಕೇಳಿ ತರುವ ಅಧಿಕಾರದಲ್ಲಿ ನಮ್ಮ ಗ್ರಾಮಸಭೆಗೆ ಎಷ್ಟು? ಪಂಚಾಯಿತಿ ಚುನಾವಣೆಗಳನ್ನು ಹೊತ್ತಿಗೆ ಸರಿಯಾಗಿ ಮಾಡಿಸುತ್ತೀರಾ? ಇವೆರಡಕ್ಕೆ ನೇರ ಉತ್ತರ ಕೊಡದವರು ಅಧಿಕಾರ ಕೇಳುತ್ತಿರುವುದು ನಿಮಗಾಗಿ ಅಲ್ಲ.